ಹಿಮದ ನಾಡಿಗೆ ಹೊರಟವರ ಕೈಗವಸು

ತುಮಕೂರು ಸೀಮೆಯಲ್ಲಿ ಹುಟ್ಟಿ, ಇಲ್ಲಿಯ ಪಾಠಶಾಲೆಗಳಲ್ಲಿಯೇ ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು, ಈಗ ವಿಶ್ರಾಂತಿವೇತನದಿಂದ ಕಾಲಕ್ಷೇಪ ಮಾಡುತ್ತಿರುವ ನನ್ನಂಥವನಿಗೆ, ಹಿಮದಲ್ಲಿ ಧರಿಸತಕ್ಕ ಕೈಗವಸಿನ ವಿಷಯವಾಗಿ ಲೇಖನ ಬರೆಯಲು ಏನು ಅಧಿಕಾರವೆಂದು ವಾಚಕಮಹಾಶಯರು ಕೇಳಿದರೆ, ಆ ಪ್ರಶ್ನೆ ನ್ಯಾಯವಾದುದೇ ಸರಿ. ನಮ್ಮ ಊರಿನ ಚಳಿಯೆಂಬುದು ಎಷ್ಟರದು? ಧನುರ್ಮಾಸದ ಬೆಳಗಿನ ಜಾವ ದೇವಾಲಯಕ್ಕೆ ಹೊರಟರೆ ಒಂದು ಶಾಲು; ರಾಗಿಯ ಕಣದಲ್ಲಿ ರಾತ್ರಿ ಕಾವಲು ಮಲಗುವವನಿಗೆ ಒಂದು ಕಂಬಳಿ; ಅಲ್ಲಿಗೆ ಮುಗಿಯಿತು. ಕೈಗೆಂದೇ ಪ್ರತ್ಯೇಕವಾದ ಒಂದು ಉಡುಪು ಬೇಕೆಂಬ ಕಲ್ಪನೆ ನಮ್ಮಲ್ಲಿಲ್ಲ. ವಿಶ್ವಾಮಿತ್ರರ ಹಿಂದೆ ಹೊರಟ ರಾಮಲಕ್ಷ್ಮಣರು ಉಡದ ಚರ್ಮದ ಅಂಗುಲಿತ್ರಾಣಗಳನ್ನು ಕಟ್ಟಿಕೊಂಡಿದ್ದರೆಂದು ವಾಲ್ಮೀಕಿಗಳು ಹೇಳಿರುವುದನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೇನೆ. ಆದರೆ ಅದು ಬಿಲ್ಲಿನ ಹೆದೆಯ ಏಟಿನಿಂದ ಬೆರಳನ್ನು ಕಾಪಾಡುವುದಕ್ಕೇ ಹೊರತು ಚಳಿಗಲ್ಲ. ನನ್ನ ಅಧಿಕಾರವೇನಿದ್ದರೂ ಗ್ರಂಥಗಳಿಂದ ಬಂದುದಲ್ಲ. ನನ್ನ ಮನೆಯಾಕೆಯ ಎರಡು ಬೆರಳುಗಳು ಪಟ್ಟ ಸಂಕಟದಿಂದ ಬಂದುದು.

೨೦೧೮ನೆಯ ಇಸವಿಯ ಬೇಸಿಗೆಯ ರಜೆಯಲ್ಲಿ ನಾವಿಬ್ಬರೂ ಕೇದಾರಯಾತ್ರೆಗೆ ಹೊರಟೆವು. ಸ್ವೆಟರು, ಕುಲಾವಿ, ಕಾಲುಚೀಲ, ಇವುಗಳನ್ನೆಲ್ಲ ತುಮಕೂರಿನ ಮಂಡಿಪೇಟೆಯಲ್ಲಿಯೇ ಕೊಂಡಿದ್ದಾಯಿತು. ಕೈಗವಸು ಮಾತ್ರ ಮರೆತಿತ್ತು. ದಾರಿಯಲ್ಲಿ ಒಂದು ಪೇಟೆಯಲ್ಲಿ ಜೊತೆಗೆ ನೂರೈವತ್ತು ರೂಪಾಯಿಯಂತೆ ಎರಡು ಜೊತೆಗಳನ್ನು ಕೊಂಡೆ. ನೋಡುವುದಕ್ಕೆ ದಪ್ಪವಾಗಿ, ಮೆತ್ತಗೆ, ಬಹು ಚೆನ್ನಾಗಿದ್ದುವು. ಅಂಗಡಿಯವನು ಹಿಂಡಿ ತೋರಿಸಿದಾಗ ದಿಂಬಿನಂತೆ ಉಬ್ಬಿಕೊಂಡುವು; ದಪ್ಪವಿದ್ದುದೇ ಬೆಚ್ಚಗೆ ಎಂಬ ತರ್ಕದಿಂದ ನಾನು ತೃಪ್ತನಾದೆ.

ಗೌರೀಕುಂಡದಿಂದ ಕೇದಾರಕ್ಕೆ ಈಗಿರುವ ದಾರಿ ಸುಮಾರು ಹದಿನಾರು ಕಿಲೋಮೀಟರು. ೨೦೧೩ರ ಪ್ರವಾಹದಲ್ಲಿ ಹಳೆಯ ದಾರಿ ಕೊಚ್ಚಿಹೋದ ತರುವಾಯ ನದಿಯ ಇನ್ನೊಂದು ಪಕ್ಕದಲ್ಲಿ ಮಾಡಿದ ಏರುದಾರಿ ಅದು. ಲಿಂಚೋಲಿ ಎಂಬ ಸ್ಥಳವನ್ನು ಸಮೀಪಿಸುವಾಗ ಮಳೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಆ ಮಳೆಯೇ ಹಿಮದ ತುಂತುರಾಯಿತು. ನನ್ನಾಕೆ ಕುದುರೆಯ ಮೇಲೆ ಜೀನಿನ ಕಬ್ಬಿಣದ ಹಿಡಿಯನ್ನು ಹಿಡಿದು ಕುಳಿತಿದ್ದಳು. ಗವಸು ಹತ್ತು ನಿಮಿಷಗಳಲ್ಲಿ ನೀರುಕುಡಿದ ಸ್ಪಂಜಿನಂತಾಯಿತು. ಮೊದಲು ನೋವೆಂದಳು, ಆಮೇಲೆ ಜೋಮೆಂದಳು, ಅನಂತರ ಏನೂ ಹೇಳಲಿಲ್ಲ. ಆಕೆ ಸುಮ್ಮನಾದಾಗಲೇ ನಾನು ಹೆದರಬೇಕಾಗಿತ್ತು. ನೋವು ಹೋಯಿತೆಂದು ಸಮಾಧಾನಪಟ್ಟೆ! ಕೇದಾರ ತಲಪಿ ಗವಸನ್ನು ಕಳಚಿ ನೋಡಿದರೆ ಬಲಗೈಯ ಉಂಗುರದ ಬೆರಳೂ ಕಿರುಬೆರಳೂ ಸುಣ್ಣ ಬಳಿದಂತೆ ಬೆಳ್ಳಗಾಗಿದ್ದುವು. ಚಿವುಟಿದರೆ ತಿಳಿಯದು. ಯಾರೋ ಹಿಮದಿಂದ ತಿಕ್ಕಿರೆಂದರು. ಇನ್ನಾರೋ ಬೆಂಕಿಗೆ ಹಿಡಿಯಿರೆಂದರು. ಅಲ್ಲಿಯ ಚಿಕಿತ್ಸಾಶಿಬಿರದ ಯುವಕ ವೈದ್ಯರು ಎರಡನ್ನೂ ತಡೆದರು. ತಿಕ್ಕಿದರೆ ಮರಗಟ್ಟಿದ ಚರ್ಮ ಒಳಗೇ ಹರಿಯುವುದಂತೆ. ಬೆಂಕಿಗೆ ಹಿಡಿದರೆ ಸ್ಪರ್ಶಜ್ಞಾನವಿಲ್ಲದ ಬೆರಳು ಸುಡುತ್ತಿರುವುದೇ ತಿಳಿಯುವುದಿಲ್ಲವಂತೆ. ಒದ್ದೆಯನ್ನು ಒರಸಿ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳಲು ಹೇಳಿ, ನಾವು ಹೊತ್ತು ತಂದಿದ್ದ ಚಿಕ್ಕನಾಯಕನಹಳ್ಳಿಯ ಕರಿಯ ಕಂಬಳಿಯನ್ನು ಆಕೆಗೆ ಹೊದಿಸಿದರು. ಅನಂತರ ಮೈಶಾಖಕ್ಕಿಂತ ತುಸುವೇ ಹೆಚ್ಚಾದ ಬೆಚ್ಚನೆಯ ನೀರಿನಲ್ಲಿ ಬೆರಳುಗಳನ್ನು ಇಡಿಸಿದರು. ಅರ್ಧ ಗಂಟೆಯಮೇಲೆ ಬೆರಳಿಗೆ ಕೆಂಪು ಬಂದಿತು. ಕೆಂಪಿನೊಡನೆ ಬಂದ ನೋವಿಗೆ ಆಕೆ ಅತ್ತುಬಿಟ್ಟಳು. ದೇವರ ದರ್ಶನವೇನೋ ಆಯಿತು. ಆದರೆ ಊರಿಗೆ ಬಂದು ಒಂದೂವರೆ ತಿಂಗಳವರೆಗೂ, ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತಾಗ, "ಈ ಎರಡು ಬೆರಳಿಗೆ ಕಲ್ಲಾವುದು ಅಕ್ಕಿಯಾವುದು ಗೊತ್ತಾಗೊಲ್ಲ, ನೋಡಿ" ಎನ್ನುತ್ತಿದ್ದಳು. ಆ ಮಾತನ್ನು ಕೇಳಿದಾಗಲೆಲ್ಲ ಆ ನೂರೈವತ್ತು ರೂಪಾಯಿಯ ನೋಟು ನನ್ನ ಕಣ್ಣಮುಂದೆ ಬರುತ್ತಿತ್ತು.

ಆಗಿದ್ದೇನೆಂದು ನಾನು ತರುವಾಯ ಓದಿ, ಕೇಳಿ ತಿಳಿದುಕೊಂಡೆ. ತುಮಕೂರು ಸಮುದ್ರಮಟ್ಟಕ್ಕಿಂತ ಸುಮಾರು ೮೨೦ ಮೀಟರು ಎತ್ತರದಲ್ಲಿದೆ. ಕೇದಾರ ೩,೫೮೩ ಮೀಟರು. ಒಂದು ಸಾವಿರ ಮೀಟರು ಮೇಲಕ್ಕೆ ಹೋದಂತೆ ಶಾಖ ಸುಮಾರು ಆರೂವರೆ ಡಿಗ್ರಿ ಇಳಿಯುವುದೆಂಬ ಲೆಕ್ಕದಿಂದ, ಎತ್ತರವೊಂದೇ ಹದಿನೆಂಟು ಡಿಗ್ರಿಯಷ್ಟು ಶಾಖವನ್ನು ಕಳೆಯಿತು. ಉತ್ತರದೇಶದ ಚಳಿಯೂ ಗಾಳಿಯೂ ಅದರ ಮೇಲೆ. ಶರೀರವಾದರೋ ಬುದ್ಧಿವಂತ ಯಜಮಾನನಂತೆ: ಬರಗಾಲ ಬಂದರೆ ಮೊದಲು ಹೊರಚಾವಡಿಯ ದೀಪವನ್ನು ಆರಿಸಿ ಗರ್ಭಗುಡಿಯ ದೀಪವನ್ನು ಉಳಿಸಿಕೊಳ್ಳುತ್ತದೆ. ಚಳಿಯಾದಾಗ ಬೆರಳುಗಳ ರಕ್ತನಾಳಗಳು ಸಂಕೋಚಗೊಂಡು, ರಕ್ತ ಹೃದಯಾದಿಗಳ ಕಡೆಗೆ ಉಳಿಯುತ್ತದೆ. ಆಗ ಬೆರಳಿಗೆ ತನ್ನ ಸುತ್ತ ಇರುವ ಒಣಗಾಳಿಯ ಪದರವೊಂದೇ ರಕ್ಷೆ. ಗವಸು ಶಾಖವನ್ನು ಕೊಡುವುದಿಲ್ಲ. ಕೈಯ ಶಾಖವನ್ನು ಆ ಗಾಳಿಯಲ್ಲಿ ಹಿಡಿದಿಡುತ್ತದೆ, ಅಷ್ಟೇ. ಗಾಳಿಯ ಸ್ಥಾನದಲ್ಲಿ ನೀರು ನಿಂತಿತೆಂದರೆ, ನೀರು ಶಾಖವನ್ನು ಗಾಳಿಗಿಂತ ಇಪ್ಪತ್ತು ಇಪ್ಪತ್ತೈದು ಪಾಲು ವೇಗವಾಗಿ ಸಾಗಿಸುವುದರಿಂದ, ಗವಸು ಎಷ್ಟು ದಪ್ಪವಿದ್ದರೂ ವ್ಯರ್ಥ. ನಾನು ಕೊಂಡ ಗವಸು ದಪ್ಪವಾಗಿತ್ತು, ಒಣಗಿರಲು ಬಾರದುದಾಗಿತ್ತು. ತಪ್ಪೆಲ್ಲ ಅಲ್ಲಿಯೇ.

ಇಲ್ಲಿ ಒಂದು ಶಬ್ದವಿಚಾರವನ್ನು ಹೇಳದೆ ನನ್ನ ಕೈ ಮುಂದೆ ಹೋಗದು. ಹಿಮಕ್ಕೆ ಅಮರಸಿಂಹನು ಅವಶ್ಯಾಯ, ನೀಹಾರ, ತುಷಾರ, ತುಹಿನ, ಪ್ರಾಲೇಯ ಎಂದು ಹೆಸರಿನ ಮೇಲೆ ಹೆಸರು ಕೊಡುತ್ತಾನೆ. ನಮ್ಮ ಕನ್ನಡದವರು ಇಬ್ಬನಿ, ಕಾವಳ, ಹಿಮ ಎಲ್ಲಕ್ಕೂ ಮಂಜೆಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಗವಸು ಕೊಳ್ಳುವವನಿಗೆ ಬೇಕಾದ ಭೇದ ಮಾತ್ರ ಇಬ್ಬರಲ್ಲಿಯೂ ಇಲ್ಲ: ಒಣಹಿಮವೆ, ಒದ್ದೆಹಿಮವೆ ಎಂಬುದು. ಅತಿಶೀತದಲ್ಲಿ ಬೀಳುವ ಹಿಮ ಹಿಟ್ಟಿನಂತಿದ್ದು ಕೊಡವಿದರೆ ಉದುರುತ್ತದೆ. ನೀರು ಹೆಪ್ಪುಗಟ್ಟುವ ಅಂಚಿನಲ್ಲಿ ಬೀಳುವ ಹಿಮ ಬಟ್ಟೆಗೆ ಮೆತ್ತಿಕೊಂಡು ಕರಗಿ ಒಳಗಿಳಿಯುತ್ತದೆ. ನಮ್ಮ ಕಡೆಯಿಂದ ಯಾತ್ರೆಗಾಗಲಿ ವಿನೋದಕ್ಕಾಗಲಿ ಹೋಗುವವರಿಗೆ ಹೆಚ್ಚಾಗಿ ಸಿಕ್ಕುವುದು ಈ ಎರಡನೆಯದೇ.

ಇದೆಲ್ಲ ಮತ್ತೆ ಏಕೆ ನೆನಪಿಗೆ ಬಂದಿತೆಂದರೆ, ಗುಬ್ಬಿಯಲ್ಲಿರುವ ನನ್ನ ತಮ್ಮನ ಮಗಳು ನಮ್ಮ ಮನೆಯಲ್ಲಿಯೇ ಇದ್ದುಕೊಂಡು ತುಮಕೂರಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಆಕೆಗೆ ಸ್ಕೀ ಕಲಿಯುವ ಹಂಬಲ ಹಿಡಿಯಿತು. ಕಾಲಿಗೆ ನೀಳವಾದ ಎರಡು ಪಟ್ಟಿಗಳನ್ನು ಬಿಗಿದು, ಎರಡು ಊರುಗೋಲುಗಳನ್ನು ಹಿಡಿದು, ಹಿಮದ ಇಳಿಜಾರಿನಲ್ಲಿ ಜಾರುವ ಆಟವೇ ಸ್ಕೀ. ಇದು ಕನ್ನಡಿಗರಿಗೆ ಕೇವಲ ಕೌತುಕವೆಂದು ಈಗ ಹೇಳುವಂತಿಲ್ಲ. ಹಿಮವೇ ಬೀಳದ ಕೊಡಗಿನಲ್ಲಿ ಹುಟ್ಟಿದ ಭವಾನಿ ತೆಕ್ಕಡ ನಂಜುಂಡ ಅವರು ೨೦೨೩ರಲ್ಲಿ ಸ್ಲೊವೇನಿಯಾ ದೇಶದ ಪ್ಲಾನಿಕಾದಲ್ಲಿ ನಡೆದ ವಿಶ್ವಸ್ಪರ್ಧೆಯಲ್ಲಿ ಭಾಗವಹಿಸಿದವರು. ಗುಲ್ಮಾರ್ಗದ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕವನ್ನು ತಂದವರು. ಅವರ ಚಿತ್ರವನ್ನು ನಮ್ಮ ಹುಡುಗಿ ತನ್ನ ಮೇಜಿನ ಮೇಲೆ ಅಂಟಿಸಿಕೊಂಡಿದ್ದಾಳೆ. ಮನಾಲಿಯ ಪರ್ವತಾರೋಹಣ ಸಂಸ್ಥೆಯವರು ಸೋಲಂಗಿನಲ್ಲಿ ನಡೆಸುವ ಪ್ರಾರಂಭದ ಶಿಕ್ಷಣಕ್ಕೆ ಕಳೆದ ಮಾಘದಲ್ಲಿ ಆಕೆಗೆ ಸ್ಥಳ ದೊರೆಯಿತು. ತರಬೇಕಾದ ವಸ್ತುಗಳ ಪಟ್ಟಿಯಲ್ಲಿ ಕೈಗವಸು ಮೂರನೆಯದಾಗಿತ್ತು. ನನ್ನ ಮನೆಯಾಕೆ ಆ ಪಟ್ಟಿಯನ್ನು ಕೇಳಿ, ಬೇರೆ ಯಾವ ಸಾಮಾನಿನ ಮಾತನ್ನೂ ಎತ್ತದೆ, "ಗವಸು ಮಾತ್ರ ನೀವೇ ನಿಂತು ನೋಡಿ ಕೊಡಿಸಬೇಕು, ಆಯಿತೆ?" ಎಂದಳು. ಹುಡುಗಿ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಸಿದ ಹಣದಲ್ಲಿ ಗವಸಿಗೆಂದು ನಾಲ್ಕು ಸಾವಿರ ರೂಪಾಯಿ ತೆಗೆದಿಟ್ಟಿದ್ದಳು. "ದೊಡ್ಡಪ್ಪ, ಇದರಲ್ಲಿ ಉಳಿದರೆ ಬೂಟಿನ ಕಾಲುಚೀಲಕ್ಕೆ ಆಗತ್ತೆ" ಎಂಬುದು ಅವಳ ಲೆಕ್ಕ.

ಕೊಳ್ಳುವುದಕ್ಕೆ ಮೊದಲು ನಾನು ಎರಡು ಊರುಗಳಿಗೆ ಹೋಗಿಬಂದೆ, ಎರಡರಲ್ಲಿಯೂ ಹಿಮವಿಲ್ಲ.

ಮೊದಲನೆಯದು ಗುಬ್ಬಿ. ತಮ್ಮನ ಅಡಕೆಯ ತೋಟದಲ್ಲಿ ಸುಗ್ಗಿಯ ಕಾಲ. ಅಡಕೆ ಸುಲಿಯುವ ಹೆಂಗಸರ ಬೆರಳುಗಳಿಗೆ ಕತ್ತಿಯ ಭಯವೂ ಚೊಗರಿನ ಕಲೆಯೂ ತಪ್ಪದು. ಕೆಲವರು ಬಟ್ಟೆ ಸುತ್ತಿಕೊಳ್ಳುತ್ತಾರೆ, ಕೆಲವರು ಪೇಟೆಯ ಅಗ್ಗದ ಗವಸು ಹಾಕಿಕೊಳ್ಳುತ್ತಾರೆ. ನಾದಿನಿ ಮೂಲೆಗೆ ಎಸೆದಿದ್ದ ಹಳೆಯ ಗವಸುಗಳ ರಾಶಿಯನ್ನು ನಾನು ಮುಂದಿಟ್ಟುಕೊಂಡು ಪರೀಕ್ಷಿಸಿದೆ. "ಭಾವನವರು ಹರಕು ಗವಸಿನಲ್ಲಿ ಏನು ಶಾಸ್ತ್ರ ನೋಡ್ತಾರೋ" ಎಂದು ಅವರು ನಕ್ಕರು. ಆದರೆ ಶಾಸ್ತ್ರ ಅಲ್ಲಿತ್ತು. ಒಂದಕ್ಕೂ ಬೆನ್ನು ಹರಿದಿರಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಕವಲು, ತೋರುಬೆರಳಿನ ಒಳಪಕ್ಕ, ಅಂಗೈಯ ಹಿಡಿತದ ಜಾಗ: ಈ ಮೂರು ಕಡೆಗಳಲ್ಲಿಯೇ ಎಲ್ಲವೂ ಸತ್ತಿದ್ದುವು. ಕೋಲು ಹಿಡಿಯುವ ಕೈಗೂ ಕತ್ತಿ ಹಿಡಿಯುವ ಕೈಗೂ ಸವೆತದಲ್ಲಿ ಭೇದವಿಲ್ಲ. ಸ್ಕೀ ಪಟ್ಟಿಗಳ ಅಂಚಿಗೆ ಹರಿತವಾದ ಉಕ್ಕಿನ ಪಟ್ಟೆಯಿರುವುದು. ಅವುಗಳನ್ನು ಹೊತ್ತು ತಿರುಗುವಾಗ ಅಂಗೈಗೆ ಅದೇ ಕತ್ತಿ. ಹೊಸದಾಗಿ ಕಲಿಯುವವರು ಬೀಳುವುದೂ ಹೆಚ್ಚು. ಬಿದ್ದಾಗ ಊರುವುದು ಅಂಗೈಯನ್ನೇ. ಹೀಗಿರಲು, ಬೆನ್ನಿನ ಮೇಲಿನ ಬಣ್ಣಕ್ಕೂ ಲಾಂಛನಕ್ಕೂ ಹಣ ತೆತ್ತು ಅಂಗೈಯಲ್ಲಿ ತೆಳುಬಟ್ಟೆಯನ್ನು ಕೊಳ್ಳುವುದು ಯಾವ ಜಾಣತನ?

ಎರಡನೆಯದು ಕುಣಿಗಲ್ಲು. ಟಿಪ್ಪುವಿನ ಕಾಲದಿಂದ ಕುದುರೆಗಳ ಸಾಕಣೆಗೆ ಹೆಸರಾದ ಊರು ಅದು. ಕುದುರೆಯಿರುವ ಕಡೆ ಜೀನೂ ಲಗಾಮೂ ಇರಲೇಬೇಕು. ಅವನ್ನು ಹೊಲಿಯುವವರೂ ಇರಬೇಕು. ಅಂಥ ಒಬ್ಬ ವೃದ್ಧರ ಪರಿಚಯ ನನಗುಂಟು. ಅವರ ಮಗ ನನ್ನ ವಿದ್ಯಾರ್ಥಿ. ಅಂಗೈಗೆ ಚರ್ಮವೇ ಆಗಬೇಕೆಂದು ಗುಬ್ಬಿಯಲ್ಲಿ ನಿಶ್ಚಯಿಸಿದವನು, ಎಂಥ ಚರ್ಮವೆಂದು ಕೇಳಲು ಅವರಲ್ಲಿಗೆ ಹೋದೆ.

"ಮೇಷ್ಟ್ರೇ, ಚರ್ಮವನ್ನ ಕಣ್ಣಲ್ಲಿ ನೋಡಬೇಡಿ, ಮಡಚಿ ನೋಡಿ" ಎಂದರು. ನಿಜವಾದ ಚರ್ಮವನ್ನು ಮಡಚಿದರೆ ಸೂಕ್ಷ್ಮವಾದ ನೆರಿಗೆಗಳು ಎದ್ದು, ಬಿಟ್ಟರೆ ಮಾಯವಾಗುತ್ತವೆ. ಬಟ್ಟೆಯ ಮೇಲೆ ಬಣ್ಣದ ಪದರ ಹಚ್ಚಿದ ಕೃತಕಚರ್ಮದಲ್ಲಿ ಗೆರೆ ನೇರವಾಗಿ ಬೀಳುತ್ತದೆ. ಕತ್ತರಿಸಿದ ಅಂಚಿನಲ್ಲಿ ಬಟ್ಟೆಯ ಎಳೆ ಕಾಣುತ್ತದೆ. ಕೃತಕವಾದುದು ಮೊದಲ ವರ್ಷ ಹೊಳೆಯುತ್ತದೆ, ಕಾಲಕ್ರಮದಲ್ಲಿ ಬಿರಿದು ಸಿಪ್ಪೆಯೇಳುತ್ತದೆ. ಕುರಿಯ ಚರ್ಮ ಬಹು ಮೃದು, ಆದರೆ ಬೇಗ ಹರಿಯುವುದು. ದನದ ಚರ್ಮ ಗಟ್ಟಿ, ಆದರೆ ದಪ್ಪವಾದ್ದರಿಂದ ಬೆರಳು ಮಡಿಸುವುದು ಕಷ್ಟ. ಆಡಿನ ಚರ್ಮ ತೆಳುವಾಗಿದ್ದೂ ಬಲವುಳ್ಳದ್ದು. ಗವಸಿಗೆ ಆಡಿನದೇ ಆಗಬೇಕೆಂಬುದು ಅವರ ತೀರ್ಪು. ಹೊಲಿಗೆಯ ವಿಷಯದಲ್ಲಿ ಅವರು ಹೇಳಿದ ಮಾತು ನಾನು ಎಣಿಸಿದುದಕ್ಕೆ ವಿರುದ್ಧವಾಗಿತ್ತು. ಹೊಲಿಗೆ ಒತ್ತಾದಷ್ಟೂ ಭದ್ರವೆಂದು ನಾನು ತಿಳಿದಿದ್ದೆ. ಅವರು ಗೋಡೆಯ ಮೇಲಿದ್ದ ಒಂದು ಹಳೆಯ ಲಗಾಮನ್ನು ತೋರಿಸಿ, "ಬಟ್ಟೆಗೆ ಅದು ಸರಿ. ಚರ್ಮಕ್ಕೆ ತೂತು ಜಾಸ್ತಿಯಾದರೆ ಪೋಸ್ಟಿನ ಸ್ಟಾಂಪು ಹರಿದ ಹಾಗೆ ಸಾಲಾಗಿ ಹರಿಯತ್ತೆ. ಹದವಾದ ದೂರದಲ್ಲಿ ಎರಡು ಸಾಲು ಹೊಲಿಗೆ ಇರಬೇಕು; ದಾರದ ತುದಿ ಬಿಟ್ಟಿರಬಾರದು" ಎಂದರು. ಬೆರಳಿನ ತುದಿಯಲ್ಲಿ ಹೊಲಿಗೆಯ ಗಂಟು ಒಳಗೆ ಚುಚ್ಚುತ್ತಿದ್ದರೆ ಅಂಥದನ್ನು ಮುಟ್ಟಲೇಬಾರದಂತೆ.

ಇಷ್ಟು ವಿದ್ಯೆ ಸಂಪಾದಿಸಿಕೊಂಡು ಪೇಟೆಗೆ ಹೊರಟೆವು. ತುಮಕೂರಿನಲ್ಲಿ ನಮಗೆ ದೊರೆತವು ಎರಡೇ ಬಗೆ: ಉಣ್ಣೆಯ ಹೆಣಿಗೆಯ ಗವಸುಗಳು, ಮೋಟಾರು ಬೈಸಿಕಲ್ಲಿನ ಸವಾರರ ಗವಸುಗಳು. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿರುವ ಗುಣವುಳ್ಳದ್ದು. ಆದರೆ ಹೆಣಿಗೆಯ ಕಣ್ಣುಗಳಲ್ಲಿ ಗಾಳಿ ತೂರುತ್ತದೆ, ಹಿಮ ಮೆತ್ತುತ್ತದೆ. ಆದುದರಿಂದ ಅದು ಒಳಗವಸಾಗಿ ಉತ್ತಮ, ಹೊರಗವಸಾಗಿ ನಿಷ್ಪ್ರಯೋಜಕ. ಬೈಸಿಕಲ್ಲಿನ ಗವಸಿನಲ್ಲಿ ಗೆಣ್ಣುಗಳ ಮೇಲೆ ಗಟ್ಟಿಯಾದ ಕವಚವಿರುವುದು. ಅದು ಬಿದ್ದಾಗ ರಸ್ತೆಯಿಂದ ಕಾಪಾಡುವುದಕ್ಕೆ. ಕೈಗೆ ಬಿಗಿಯಾಗಿ ಹೊಂದುವಂತೆ ಅದನ್ನು ಹೊಲಿದಿರುತ್ತಾರೆ. ಒಳಗೆ ಗಾಳಿಗೆ ಸ್ಥಳವಿಲ್ಲ. ನಮ್ಮ ಕಡೆಯ ಯಾತ್ರಿಕರು ಬಹುಮಂದಿ ಇದನ್ನೇ ಹಾಕಿಕೊಂಡು ಬೆಟ್ಟ ಹತ್ತುವುದನ್ನು ಕಂಡಿದ್ದೇನೆ. ಕಾಣುವುದಕ್ಕೆ ಯೋಧರಂತಿರುತ್ತಾರೆ, ಕೈ ಮಾತ್ರ ನಡುಗುತ್ತಿರುತ್ತದೆ.

ಬೆಂಗಳೂರಿಗೇ ಹೋಗಬೇಕಾಯಿತು. ಅಲ್ಲಿ ಪರ್ವತಾರೋಹಣದ ಸಾಮಾನುಗಳ ಅಂಗಡಿಯಲ್ಲಿ ಎಂಟು ನೂರು ರೂಪಾಯಿಯಿಂದ ಹನ್ನೆರಡು ಸಾವಿರದವರೆಗೆ ಗವಸುಗಳಿದ್ದುವು. ಅಂಗಡಿಯ ಹುಡುಗ ಸಂಭಾವಿತನೇ. ನನ್ನ ಪ್ರಶ್ನೆಗಳಿಗೆ ಬೇಸರಪಡಲಿಲ್ಲ.

ಮೊದಲು ನಾವು ಚೀಟಿಯ ಮಾತನ್ನು ಓದಿದೆವು. 'ನೀರನ್ನು ತಡೆಯುವುದು' ಎಂಬುದು ಬೇರೆ, 'ನೀರು ಹೊಗದಿರುವುದು' ಎಂಬುದು ಬೇರೆ. ಮೊದಲನೆಯದರಲ್ಲಿ ಹೊರಬಟ್ಟೆಗೆ ಒಂದು ಲೇಪವಿರುವುದು. ಹನಿ ಕೆಸುವಿನೆಲೆಯ ಮೇಲಿನಂತೆ ಉರುಳುತ್ತದೆ, ಆದರೆ ಬಳಸಿದಂತೆಲ್ಲ ಲೇಪ ಸವೆಯುತ್ತದೆ. ಎರಡನೆಯದರಲ್ಲಿ ಹೊರಬಟ್ಟೆಗೂ ಒಳಪದರಕ್ಕೂ ನಡುವೆ ಒಂದು ಪೊರೆಯಿರುವುದು. ಅದರ ರಂಧ್ರಗಳು ನೀರಿನ ಹನಿಗೆ ಅತಿಸಣ್ಣವು, ಬೆವರಿನ ಆವಿಗೆ ಸಾಕಾದಷ್ಟು ದೊಡ್ಡವು. ೧೯೬೯ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬವರು ಕಂಡುಹಿಡಿದ ಗೋರ್‌ಟೆಕ್ಸ್ ಎಂಬುದು ಈ ಜಾತಿಯಲ್ಲಿ ಪ್ರಸಿದ್ಧ. ಅದೇ ಹೆಸರಿನದೇ ಆಗಬೇಕೆಂಬ ಹಟ ಬೇಡ. ಬೇರೆ ಪೊರೆಗಳೂ ಉಂಟು, ಬೆಲೆಯೂ ಕಡಿಮೆ. ಪೊರೆಯೇ ಇಲ್ಲದುದು ಮಾತ್ರ ಬೇಡ.

ಅನಂತರ ಒಳಗಿನ ತುಂಬು. ಹಕ್ಕಿಯ ನವಿರುಗರಿ ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ಬೆಚ್ಚಗೆ. ಆದರೆ ಒದ್ದೆಯಾದರೆ ಮುದುಡಿ ಮುದ್ದೆಯಾಗುತ್ತದೆ. ಕೃತಕವಾದ ಸಣ್ಣೆಳೆಗಳ ತುಂಬು ತೇವವಾದರೂ ಬಹುಮಟ್ಟಿಗೆ ಕೆಲಸ ನಡೆಸುತ್ತದೆ, ಬೇಗ ಒಣಗುತ್ತದೆ. ಮಧ್ಯಮ ಬೆಲೆಯವರಿಗೆ ಇದೇ ಸರಿ. ಅದಕ್ಕಿಂತಲೂ ಮುಖ್ಯವಾಗಿ, ಒಳಪದರವನ್ನು ಕಳಚಿ ಹೊರಗೆ ತೆಗೆಯಲು ಬರುವಂಥ ಗವಸೊಂದು ಅಲ್ಲಿತ್ತು. ಕಂಡೊಡನೆ ನನಗೆ ಕೇದಾರದ ರಾತ್ರಿ ನೆನಪಾಯಿತು: ಆ ದಿಂಬಿನಂಥ ಗವಸುಗಳನ್ನು ಮರುದಿನ ಬೆಳಗಿನವರೆಗೆ ಹಗ್ಗದ ಮೇಲೆ ಹಾಕಿದ್ದರೂ ಒಳಗೆ ಒಣಗಿರಲಿಲ್ಲ. ಎರಡಾಗಿ ಬಿಚ್ಚುವ ಗವಸು ಒಂದು ರಾತ್ರಿಯಲ್ಲಿ ಒಣಗುವುದು. ಒಳಪದರ ಸವೆದರೆ ಅದೊಂದನ್ನೇ ಬದಲಾಯಿಸಬಹುದು. ಬಿಚ್ಚಲು ಬಾರದುದನ್ನೇ ಕೊಳ್ಳುವುದಾದರೆ ಒಂದು ಪರೀಕ್ಷೆಯುಂಟು. ಕೈಯನ್ನು ತುಸು ತೇವಮಾಡಿ ಹಾಕಿ, ಸರ್ರನೆ ಎಳೆದುಕೊಳ್ಳಬೇಕು. ಒಳಬಟ್ಟೆ ಕೈಯೊಡನೆ ಹೊರಗೆ ಬಂದರೆ ಅದನ್ನು ಬೆರಳ ತುದಿಗೆ ಸೇರಿಸಿ ಹೊಲಿದಿಲ್ಲವೆಂದೇ ಅರ್ಥ. ಚಳಿಯಲ್ಲಿ ಅದನ್ನು ಮತ್ತೆ ಐದು ಬೆರಳಿಗೂ ಹೊಗಿಸುವ ಕಷ್ಟ ಶತ್ರುವಿಗೂ ಬೇಡ.

ಹೆಬ್ಬೆರಳಿಗೆ ಮಾತ್ರ ಬೇರೆ ಮನೆಯಿದ್ದು, ಉಳಿದ ನಾಲ್ಕೂ ಕೂಡುಕುಟುಂಬದಂತೆ ಒಂದೇ ಚೀಲದಲ್ಲಿರುವ ಮಿಟನ್ ಎಂಬ ಬಗೆಯೂ ಉಂಟು. ಬೆರಳುಗಳು ಒಂದರ ಶಾಖವನ್ನೊಂದು ಹಂಚಿಕೊಳ್ಳುವುದರಿಂದ ಅದೇ ಹೆಚ್ಚು ಬೆಚ್ಚಗೆ. ಕೈ ಬೇಗ ತಣ್ಣಗಾಗುವವರೂ, ಕುದುರೆಯ ಮೇಲೆ ಸುಮ್ಮನೆ ಕುಳಿತು ಹೋಗುವ ವಯಸ್ಸಾದ ಯಾತ್ರಿಕರೂ ಅದನ್ನೇ ಕೊಳ್ಳಲಿ. ನಮ್ಮ ಹುಡುಗಿ ಕೋಲು ಹಿಡಿಯಬೇಕು, ಬೂಟಿನ ಕೊಂಡಿಗಳನ್ನು ಬಿಗಿಯಬೇಕು. ಆಕೆಗೆ ಬೆರಳಿನ ಗವಸೇ ಬೇಕಾಯಿತು. ಭವಾನಿಯವರಂತೆ ದೂರದ ಓಟದ ಸ್ಕೀ ಆಡುವವರಿಗಾದರೆ ಮೈ ಕಾವೇರುವುದರಿಂದ ತೆಳುವಾದ ಗವಸು ಸಾಕು. ಇಳಿಜಾರಿನಲ್ಲಿ ಜಾರುವವರಿಗೆ, ಸರದಿಗಾಗಿ ನಿಂತು ಕಾಯುವ ಹೊತ್ತೇ ಬಹಳವಾದ್ದರಿಂದ, ದಪ್ಪವಾದುದು ಬೇಕು.

ಅಳತೆಯಲ್ಲಿ ಅವಳು ತಪ್ಪಿದಳು, ನಾನು ತಡೆದೆ. ಬಿಗಿಯಾದುದು ನೀಟಾಗಿ ಕಾಣುವುದೆಂದು ಅವಳು ಆರಿಸಿದ ಗವಸಿನಲ್ಲಿ ಮುಷ್ಟಿ ಕಟ್ಟಿದರೆ ಬೆರಳ ತುದಿ ಚರ್ಮಕ್ಕೆ ತಗಲುತ್ತಿತ್ತು. ಬಿಗಿಯಾದ ಗವಸು ರಕ್ತವನ್ನೂ ತಡೆಯುತ್ತದೆ, ಗಾಳಿಯ ಪದರವನ್ನೂ ಕಳೆಯುತ್ತದೆ. ಬೆರಳು ಚಾಚಿದಾಗ ತುದಿಯಲ್ಲಿ ಅರ್ಧ ಸೆಂಟಿಮೀಟರಿನಷ್ಟಾದರೂ ಖಾಲಿಯಿರಬೇಕು. ಮುಷ್ಟಿ ಸಲೀಸಾಗಿ ಕಟ್ಟಬೇಕು. ಹಾಗೆಂದು ಜೋಲಾಡಲೂ ಬಾರದು. ಮಣಿಕಟ್ಟಿನಲ್ಲಿ ಬಿಗಿಯುವ ಪಟ್ಟಿ, ಅದರ ಮೇಲೆ ಕೋಟಿನ ತೋಳನ್ನು ಮುಚ್ಚುವಷ್ಟು ಉದ್ದವಾದ ಬಾಯಿ, ಬಾಯಿಗೊಂದು ಲಾಡಿ, ಇವೆಲ್ಲ ಇರಬೇಕು. ಏಕೆಂದರೆ ಬಿದ್ದಾಗ ಹಿಮ ನುಗ್ಗುವುದು ಅಲ್ಲಿಂದಲೇ. ಗವಸನ್ನು ಮಣಿಕಟ್ಟಿಗೆ ಕಟ್ಟುವ ಸಣ್ಣ ದಾರವೊಂದುಂಟು; ಮಕ್ಕಳ ಉಡುಪಿನಂತೆ ಕಂಡೀತು, ಆದರೆ ಗಾಳಿಯಲ್ಲಿ ಒಂದು ಗವಸು ಇಳಿಜಾರಿಗೆ ಹಾರಿಹೋದರೆ ಉಳಿದ ಒಂದಕ್ಕೆ ಏನು ಬೆಲೆ? ಹೆಬ್ಬೆರಳ ಬೆನ್ನಿನಲ್ಲಿ ಮೆತ್ತನೆಯ ತುಂಡುಬಟ್ಟೆಯೊಂದನ್ನು ಹೊಲಿದಿದ್ದರು. ಅದೇನೆಂದು ಕೇಳಿದೆ. ಸುರಿಯುವ ಮೂಗನ್ನು ಒರಸಿಕೊಳ್ಳುವುದಕ್ಕಂತೆ! ಮಡಿಯವರು ಕಿವಿ ಮುಚ್ಚಿಕೊಳ್ಳಲಿ. ಚಳಿಯಲ್ಲಿ ಅದೂ ಬೇಕೇ.

ಕಡೆಗೆ ಆರಿಸಿದುದು ಆಡಿನ ಚರ್ಮದ ಅಂಗೈ, ಪೊರೆ, ಕಳಚುವ ಒಳಪದರ, ಉದ್ದ ಬಾಯಿಯುಳ್ಳ ಮೂರು ಸಾವಿರದ ಇನ್ನೂರು ರೂಪಾಯಿಯ ಒಂದು ಜೊತೆ. ಪಕ್ಕದಲ್ಲಿ ಒಂಬೈನೂರರದೂ ಇತ್ತು, ಹನ್ನೆರಡು ಸಾವಿರದ್ದೂ ಇತ್ತು. ಒಂಬೈನೂರರದರ ಅಂಗೈ ಕೃತಕಚರ್ಮ. ಇಂಥ ಶಿಕ್ಷಣದಲ್ಲಿ ಒಂದು ಋತು ಬಾಳಿದರೆ ಹೆಚ್ಚು. ನಾವು ಕೊಂಡುದು ಆರೈಕೆಯಿಂದ ಆರು ಚಳಿಗಾಲ ಬಂದರೆ ವರ್ಷಕ್ಕೆ ಐನೂರ ಮೂವತ್ತುಮೂರು ರೂಪಾಯಿ ಬಿದ್ದಂತಾಯಿತು. ಹನ್ನೆರಡು ಸಾವಿರದ್ದು ಅದೇ ಲೆಕ್ಕಕ್ಕೆ ಸರಿಬರಲು ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು ಬಾಳಬೇಕು. ಅಷ್ಟು ಕಾಲ ಗವಸು ಬಾಳೀತೋ ಏನೋ, ಹುಡುಗಿಯ ಉತ್ಸಾಹ ಬಾಳಬೇಕಲ್ಲ! ವರ್ಷಕ್ಕೊಂದು ದಿನ ಹಿಮ ನೋಡಿ ಚಿತ್ರ ತೆಗೆಸಿಕೊಂಡು ಬರುವವರು ಒಂಬೈನೂರರದನ್ನೇ ಕೊಳ್ಳಲಿ, ಅಥವಾ ಅಲ್ಲಿಯೇ ಬಾಡಿಗೆಗೆ ಪಡೆಯಲಿ. ಅವರಿಗೆ ನನ್ನ ಲೆಕ್ಕ ಹೊಂದದು.

ಹೆಸರಾಂತ ಗವಸುಗಳೂ ಮೊದಲು ಕೂಲಿಯವರ ಗವಸುಗಳೇ ಎಂಬುದನ್ನು ತಿಳಿದು ನನಗೆ ಸಂತೋಷವಾಯಿತು. ಸ್ಕೀ ಗವಸಿಗೆ ಲೋಕಪ್ರಸಿದ್ಧವಾದ ಸ್ವೀಡನ್ ದೇಶದ ಹೆಸ್ಟ್ರಾ ಸಂಸ್ಥೆ ೧೯೩೬ರಲ್ಲಿ ಪ್ರಾರಂಭವಾದುದು ಕಾಡಿನಲ್ಲಿ ಮರ ಕಡಿಯುವವರಿಗೆ ಗವಸು ಹೊಲಿಯುವುದರಿಂದ. ಅಮೆರಿಕದ ಸ್ಕೀ ಬೆಟ್ಟಗಳಲ್ಲಿ ದಿನವೆಲ್ಲ ದುಡಿಯುವ ಸಿಬ್ಬಂದಿಯಲ್ಲಿ ಅನೇಕರು ಇಂದಿಗೂ ಕಿಂಕೊ ಎಂಬ ಹಂದಿಯ ಚರ್ಮದ ಕೆಲಸದ ಗವಸಿಗೆ ಮೇಣ ತಿಕ್ಕಿ ಅದನ್ನೇ ಹಾಕಿಕೊಳ್ಳುತ್ತಾರೆ. ಮೇಲ್ತರಗತಿಯ ಗವಸುಗಳ ಬೆಲೆಯಲ್ಲಿ ಅದು ಒಂದು ಸಣ್ಣ ಪಾಲು. ನಾದಿನಿಯ ಅಡಕೆಯ ಗವಸಿನಿಂದ ಪಾಠ ಕಲಿತವನಿಗೆ ಇದು ಆಶ್ಚರ್ಯವೆನಿಸಲಿಲ್ಲ.

ಮನೆಗೆ ತಂದ ದಿನವೇ ಬಚ್ಚಲುಮನೆಯಲ್ಲಿ ಬಕೆಟ್ಟಿಗೆ ತಣ್ಣೀರು ತುಂಬಿ, ಹುಡುಗಿ ಒಳಗೆ ತೆಳುಕಾಗದ ಸುತ್ತಿಕೊಂಡು ಗವಸು ಹಾಕಿ ಮಣಿಕಟ್ಟಿನವರೆಗೆ ಕೈಯಿಟ್ಟಳು. ನನ್ನ ಮನೆಯಾಕೆ ಗಡಿಯಾರ ನೋಡುತ್ತ ನಿಂತಿದ್ದಳು. ಐದು ನಿಮಿಷದಮೇಲೆ ತೆಗೆದಾಗ ಕಾಗದ ಒಣಗಿತ್ತು. ಆಕೆ ಆ ಕಾಗದವನ್ನು ತನ್ನ ಬಲಗೈಯ ಉಂಗುರದ ಬೆರಳಿನಿಂದಲೇ ಮುಟ್ಟ ಮುಟ್ಟ ನೋಡಿದಳು, ಏನೂ ಹೇಳಲಿಲ್ಲ. ಹೊರಡುವ ಮೊದಲು ಅಂಗೈಯ ಚರ್ಮಕ್ಕೆ ಜೇನುಮೇಣ ಬೆರೆತ ಚರ್ಮದ ಮುಲಾಮನ್ನು ಬಟ್ಟೆಯಿಂದ ತಿಕ್ಕಿ, ಕವಲಿನ ಹೊಲಿಗೆಗಳ ಮೇಲೆ ಇನ್ನೊಂದು ಸಲ ತಿಕ್ಕಿಕೊಟ್ಟೆ. ಒದ್ದೆಯಾದರೆ ಒಳಪದರ ತೆಗೆದು ನೆರಳಿನ ಗಾಳಿಯಲ್ಲಿ ಒಣಗಿಸಬೇಕು, ಒಲೆಯ ಹತ್ತಿರ ಇಡಕೂಡದು, ಇಟ್ಟರೆ ಚರ್ಮ ಕುಗ್ಗಿ ಹಪ್ಪಳದಂತಾಗುವುದೆಂದು ಮೂರು ಸಲ ಹೇಳಿದೆ. ಮೂರನೆಯ ಸಲ ಅವಳು, "ದೊಡ್ಡಪ್ಪ, ಪರೀಕ್ಷೆ ಇಡ್ತೀರಾ?" ಎಂದಳು.

ಎರಡು ವಾರ ಕಳೆದು ಬಂದಳು. ಮೈ ಕರ್ರಗಾಗಿತ್ತು, ಮೂಗಿನ ಸಿಪ್ಪೆಯೆದ್ದಿತ್ತು, ಮೊಣಕಾಲಲ್ಲಿ ಒಂದು ಗಾಯ. ಬೆರಳುಗಳು ಹೋದಂತೆಯೇ ಬಂದಿದ್ದುವು. ದೊಡ್ಡಮ್ಮ ಮೊದಲು ಹಿಡಿದು ನೋಡಿದುದು ಅವನ್ನೇ. ಜೊತೆಯ ಒಬ್ಬ ಹುಡುಗಿಯ ಗವಸು ಎರಡನೆಯ ದಿನವೇ ಒದ್ದೆಯಾಗಿ, ಅವಳು ಅದರ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಆಡಿದಳಂತೆ. ನಮ್ಮದರಲ್ಲಿ ಬಲಗೈಯ ಕವಲಿನಲ್ಲಿ ಪಟ್ಟಿಯ ಉಕ್ಕಿನಂಚು ತಗುಲಿ ಹೊಲಿಗೆ ಒಂದು ಅಂಗುಲದಷ್ಟು ಬಿಟ್ಟಿತ್ತು. ಚರ್ಮಕ್ಕೆ ಏನೂ ಆಗಿರಲಿಲ್ಲ. ಕುಣಿಗಲ್ಲಿಗೆ ತೆಗೆದುಕೊಂಡು ಹೋದೆ. ವೃದ್ಧರು ದಬ್ಬಳಕ್ಕೆ ಮೇಣದ ನೂಲು ಪೋಣಿಸಿ, ಹಳೆಯ ತೂತುಗಳಲ್ಲಿಯೇ ಹೊಲಿದು, "ಎಡಗೈದೂ ಬಿಡೋ ಹಾಗಿತ್ತು, ಅದನ್ನೂ ಹಾಕಿಬಿಟ್ಟೆ" ಎಂದು ನಲವತ್ತು ರೂಪಾಯಿ ತೆಗೆದುಕೊಂಡರು.

ಈಗ ಗವಸುಗಳು ನಮ್ಮ ಮನೆಯ ಟ್ರಂಕಿನಲ್ಲಿ ಬೇವಿನೆಲೆಯ ನಡುವೆ ಇವೆ. ಮೊನ್ನೆ ನಾನು ಹೊರಗಿನಿಂದ ಬಂದಾಗ ನನ್ನ ಮನೆಯಾಕೆ ಅವನ್ನು ಹೊರಗೆ ತೆಗೆದು ತನ್ನ ಕೈಗೆ ಹಾಕಿಕೊಂಡು, ಬೆರಳುಗಳನ್ನು ಮಡಿಸಿ ಚಾಚಿ ನೋಡುತ್ತಿದ್ದಳು. ನನ್ನನ್ನು ಕಂಡು ಸಂಕೋಚಪಡದೆ, ಬರುವ ವೈಶಾಖದಲ್ಲಿ ಬದರಿಗೆ ಹೋಗಿಬರೋಣವೆ ಎಂದು ಕೇಳಿದಳು. ಗವಸು ಆಕೆಯ ಬೆರಳಿಗೆ ಒಂದು ಗೋಧಿಯ ಕಾಳಿನಷ್ಟು ಸಡಿಲವಾಗಿದೆ. ಅದು ಸರಿಯಾದ ಅಳತೆಯೇ ಎಂದು ಹೇಳಿದ್ದೇನೆ.